ನಡುವಿನ ಸಾಲಿನ ಇಲಿಗಳು

ನಾರಾಯಣಪೇಟೆ ಬಸ್ ಸ್ಟ್ಯಾಂಡಿನಲ್ಲಿ ಶಿವರಂಜನಿ ಎಂದು ಕೇಳಿದರೆ ಯಾರೂ ತಲೆ ಎತ್ತುವುದಿಲ್ಲ. ಇಲಿ ಮೇಡಂ ಎನ್ನಿ, ಹಣ್ಣಿನ ಗಾಡಿಯವನೂ ಮಖ್ತಲ್ ರಸ್ತೆಯ ಕಡೆ ಕೈ ತೋರಿಸುತ್ತಾನೆ. ಊರು ಮುಗಿದ ಮೇಲೆ ಆ ರಸ್ತೆಯ ಬದಿಗಿರುವ ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಆಕೆ ಪಾಠ ಹೇಳುತ್ತಾಳೆ. ಗುಳಿಗೆ, ಕಷಾಯ, ಅಳತೆ ಎಂದು ದಿನವಿಡೀ ಬಾಯಿ ಒಣಗಿಸಿಕೊಳ್ಳುವವಳಿಗೆ ಊರು ಕೊಟ್ಟ ಬಿರುದು ಇದು. ಕೇಳಿದಾಗಲೆಲ್ಲ ಅವಳ ಮೂಗಿನ ತುದಿ ಕೆಂಪಾಗುತ್ತದೆ.

ಹುಟ್ಟಿದ್ದು ಮಖ್ತಲ್‌ನಲ್ಲಿ. ಅಜ್ಜ ರಾಯಚೂರಿನಿಂದ ಈ ತೆಲುಗು ಸೀಮೆಗೆ ತಕ್ಕಡಿ ತಂದು ಶೇಂಗಾ ವ್ಯಾಪಾರಕ್ಕೆ ಕೂತವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿಗೆ ಹೋದರೆ ಉರ್ದು, ಹೀಗೆ ಬೆಳೆದ ಹುಡುಗಿ. ಮಗಳು ಫಾರ್ಮಸಿ ಓದುವುದು ಔಷಧದಂಗಡಿ ಇಡುವುದಕ್ಕೆ ಎಂದೇ ಅಪ್ಪ ಮಲ್ಲೇಶ ತಿಳಿದಿದ್ದರು, ಬಜಾರಿನಲ್ಲಿ ಜಾಗವನ್ನೂ ನೋಡಿಟ್ಟಿದ್ದರು. ಅವಳಿಗೆ ಗುಳಿಗೆ ಮಾರುವುದು ಬೇಕಿರಲಿಲ್ಲ. ಅದು ಹೊಟ್ಟೆಯೊಳಗೆ ಹೋದ ಮೇಲೆ ಏನು ಮಾಡುತ್ತದೆ ಎಂಬುದು ಬೇಕಿತ್ತು. ಮನೆಯಲ್ಲಿ ಯಾರಾದರೂ ಹಿರಿಯರು ಇದು ತಿಂದರೆ ತಂಪು, ಅದು ತಿಂದರೆ ಉಷ್ಣ ಎಂದರೆ ಸಾಕು, ಆ ಪೋರಿ "ಯಾರು ನೋಡ್ಯಾರ?" ಎಂದು ಎದುರು ನಿಲ್ಲುತ್ತಿದ್ದಳು. ಈ ಚಟಕ್ಕೆ ಮದುವೆಯೂ ಮದ್ದಾಗಲಿಲ್ಲ. ಗಂಡ ಶಿವಕಾಂತ ನಾರಾಯಣಪೇಟೆಯಲ್ಲಿ ಗೊಬ್ಬರದ ಅಂಗಡಿ ನಡೆಸುವ ಒಳ್ಳೆಯ ಮನುಷ್ಯ. ಒಂದೇ ದೋಷ, ಎಲ್ಲದಕ್ಕೂ ನಗುತ್ತಾನೆ.

ಕೆ.ಟಿ. ದೊಡ್ಡಿಯಲ್ಲಿ ಅವಳ ಸೋದರತ್ತೆಯ ತೋಟವಿದೆ, ಅಲ್ಲೊಂದು ಕಂಚಿಕಾಯಿ ಗಿಡ. ತೆಲುಗಿನವರು ದಬ್ಬಕಾಯಿ ಎನ್ನುತ್ತಾರೆ. ನಿಂಬೆಯ ದೊಡ್ಡಪ್ಪನಂಥ ಹಣ್ಣು, ಸಿಪ್ಪೆ ದಪ್ಪ, ಕಹಿಯಾದರೆ ಬಾಯಿಗಿಡುವಂತಿಲ್ಲ. ಕಾಮಾಲೆಯಾದವರಿಗೆ ಆ ಸಿಪ್ಪೆಯ ಕಷಾಯ ಕುಡಿಸುತ್ತಾರೆ, ಲಿವರಿಗೆ ಒಳ್ಳೆಯದಂತೆ. ಯಾರು ನೋಡ್ಯಾರ? ಯಾರೂ ನೋಡಿರಲಿಲ್ಲ. ಹಾಗಾದರೆ ನಾನೇ ನೋಡುತ್ತೇನೆ ಎಂದು ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ವಯಸ್ಸಿನಲ್ಲಿ ಶಿವರಂಜನಿ ಪಿಎಚ್.ಡಿ.ಗೆ ಹೆಸರು ಹಚ್ಚಿದಳು. ನೆಮ್ಮದಿ ಹಾಳಾದದ್ದು ಅಂದಿನಿಂದ.

ಪ್ರಯೋಗ, ಹೇಳುವುದಕ್ಕೆ ಸರಳ. ಬಿಳಿ ಇಲಿಗಳಿಗೆ ದಿನವೂ ಸಕ್ಕರೆ ನೀರು ಕುಡಿಸಿದರೆ ಕೆಲವು ವಾರಗಳಲ್ಲಿ ಅವುಗಳ ಲಿವರಿನಲ್ಲಿ ಕೊಬ್ಬು ಕೂರುತ್ತದೆ. ಗಾದಿಯ ಮೇಲೆ ಕೂತು ಹೊಟ್ಟೆ ಬೆಳೆಸಿದ ನಮ್ಮ ಸೇಠುಗಳಿಗೆ ಆಗುವುದೂ ಅದೇ. ಸಕ್ಕರೆಯ ಜೊತೆಗೆ ಸಿಪ್ಪೆಯಿಂದ ತೆಗೆದ ಕಹಿಯನ್ನೂ ಕುಡಿಸಿದರೆ ಕೊಬ್ಬು ಕಡಿಮೆಯಾಗುತ್ತದೆಯೇ, ಇಷ್ಟೇ ಪ್ರಶ್ನೆ. ಗೂಡುಗಳನ್ನು ಮೂರು ಸಾಲಾಗಿ ಇರಿಸಿದಳು. ಮೇಲಿನ ಸಾಲಿಗೆ ಬರಿ ನೀರು, ನಡುವಿನ ಸಾಲಿಗೆ ಸಕ್ಕರೆ ನೀರು, ಕೆಳಗಿನ ಸಾಲಿಗೆ ಸಕ್ಕರೆ ನೀರಿನಲ್ಲಿ ಕಹಿ. ಕೊನೆಯ ದಿನ ಎಲ್ಲವನ್ನೂ ಗದ್ವಾಲಿಗೆ ಒಯ್ದು, ಕೊಯ್ದು, ಲಿವರ್ ನೋಡುವುದು. ನಡುವಿನ ಸಾಲು ಕೆಟ್ಟು ಕೆಳಗಿನ ಸಾಲು ಉಳಿದರೆ ಅವಳು ಗೆದ್ದಳು.

ಗದ್ವಾಲಿನಲ್ಲಿ ಅವಳ ಗೈಡ್ ಗಂಗಾಂಬಿಕಾ ಮೇಡಂ ಇದ್ದರು. ಅಲ್ಲಿಯ ಕಾಲೇಜಿನ ಪ್ರೊಫೆಸರ್, ಕನ್ನಡಕದ ಮೇಲಿಂದ ನೋಡುವವರು. ಮೊದಲ ಸುತ್ತಿನ ಲಿವರುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ಅವರು ಹೇಳಿದ್ದು ಒಂದೇ ಮಾತು.

"ರಂಜನಿ, ನಡುವಿನ ಸಾಲಿಗೂ ಕೆಳಗಿನ ಸಾಲಿಗೂ ನನಗ ಫರಕ್ ಕಾಣವಲ್ದು. ನಿನಗೇನಾರ ಕಾಣತೈತೇನು?"

ಅವಳಿಗೂ ಕಾಣಲಿಲ್ಲ. ಎರಡೂ ಸಾಲು ಅರೆಬರೆ ಕೆಟ್ಟಿದ್ದವು, ಒಂದೇ ಬಣ್ಣ, ಒಂದೇ ತೂಕ. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ಕಂಚಿಕಾಯಿ ಏನೂ ಮಾಡುವುದಿಲ್ಲ ಎಂದು ಒಪ್ಪಿಕೊಂಡು ಬಿಟ್ಟುಬಿಡಬಹುದಿತ್ತು. ಆದರೆ ಮನಸ್ಸು ಒಪ್ಪಲಿಲ್ಲ, ಏಕೆಂದರೆ ನಡುವಿನ ಸಾಲು ಪೂರ್ತಿ ಕೆಡಬೇಕಿತ್ತು, ಕೆಟ್ಟಿರಲಿಲ್ಲ. ಎಲ್ಲೋ ತಪ್ಪಿದೆ.

ಎಲ್ಲಿ? ಸಿಪ್ಪೆ ಒಣಗಿಸಿದ್ದರಲ್ಲಿ ಎಂದುಕೊಂಡಳು. ಮತ್ತೆ ಕೆ.ಟಿ. ದೊಡ್ಡಿಗೆ ಹೋಗಿ, ಚೀಲ ತುಂಬ ಹಣ್ಣು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ಈ ಸಲ ಬಿಸಿಲಿಗೆ ಹಾಕದೆ ಮನೆಯ ನಡುಮನೆಯಲ್ಲೇ ನೆರಳಲ್ಲಿ ಹರಡಿದಳು. ಮನೆಯೆಲ್ಲ ಕಹಿ ವಾಸನೆ. ಉಂಡ ಅನ್ನವೂ ಕಹಿ ಎನ್ನಿಸಿತು.

"ನಿನ್ನ ಇಲಿಗೆ ಏನಾತೋ ಏನೋ, ನನ್ನ ಲಿವರ್ ಅಂತೂ ಭಾಳ ಚಲೋ ಆಗೇತಿ ನೋಡು," ಎಂದು ಶಿವಕಾಂತ ನಕ್ಕ.

"ನಗ್ರಿ ನೀವು. ನಿಮಗೇನು," ಎಂದಳು. ಅಳು ಬಂದಿತ್ತು, ಸಿಟ್ಟಿನಲ್ಲಿ ನುಂಗಿದಳು.

ಎರಡನೆಯ ಸುತ್ತಿನ ಫಲವೂ ಅದೇ. ನಡುವಿನ ಸಾಲು, ಕೆಳಗಿನ ಸಾಲು, ಎರಡೂ ಅರೆಬರೆ. ಸಕ್ಕರೆ ತೂಗುವ ತಕ್ಕಡಿಯನ್ನು ಬೈದಳು, ಇಲಿ ಕಳಿಸಿದ ಕಂಪನಿಯನ್ನು ಬೈದಳು, ಕರೆಂಟು ಹೋಗುವುದನ್ನು ಬೈದಳು, ಕೊನೆಗೆ ತನ್ನನ್ನೇ ಬೈದುಕೊಂಡಳು. ವಿಶ್ವವಿದ್ಯಾಲಯದವರು ಕೊಟ್ಟಿದ್ದ ಮುದ್ದತ್ತು ಯುಗಾದಿಗೆ ಮುಗಿಯುತ್ತಿತ್ತು. ಇನ್ನೊಂದು ಸುತ್ತಿಗೆ ಮಾತ್ರ ಸಮಯವಿತ್ತು. ಅದೂ ಹೋದರೆ ಇಷ್ಟು ವರ್ಷದ ಬಾಳು ಇಲಿಯ ಹಿಕ್ಕೆ ಬಳಿಯುವುದರಲ್ಲಿ ಕಳೆಯಿತು ಎಂದು ಬರೆದುಕೊಳ್ಳಬೇಕು. ಅವಳ ಓರಗೆಯವರು ಆಗಲೇ ಪ್ರಿನ್ಸಿಪಾಲರಾಗಿದ್ದರು.

ಈಗ ಬಾಲಯ್ಯನ ವಿಷಯ ಹೇಳಬೇಕು. ಕಾಲೇಜಿನ ಹಿಂದೆ ಇಲಿಗಳನ್ನು ಸಾಕುವ ಕೋಣೆ, ಎಲ್ಲರೂ ಇಲಿ ಮನೆ ಎನ್ನುವುದು. ಅದನ್ನು ನೋಡಿಕೊಳ್ಳುವವನು ಬಾಲಯ್ಯ. ಉಟ್ಕೂರ್ ಕಡೆಯ ಕುರುಬರವನು, ಬೀರಪ್ಪನ ಒಕ್ಕಲು. ಮೊಣಕಾಲು ಹಿಡಿದ ಮೇಲೆ ಕುರಿಗಳನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಈ ಕೆಲಸಕ್ಕೆ ಬಂದಿದ್ದ. ಅವನಿಗಿಂತ ಮೊದಲು ಬಂದವರೆಲ್ಲ ನಾತಕ್ಕೆ ಹೆದರಿ ವಾರದೊಳಗೆ ಓಡಿದ್ದರು. "ಇದೂ ಒಂದು ನಾತ ಅಂತೀರೇನ್ರಿ ಅಕ್ಕೋರ?" ಎಂದು ಬಾಲಯ್ಯ ಕಂಬಳಿ ಕೊಡವಿ ಕೂತವನು ಅಲ್ಲೇ ಉಳಿದ. ಟೀಚರಮ್ಮಗಳಿಗೆಲ್ಲ ಅವನು ಅಕ್ಕೋರ ಎನ್ನುವವನು. ಇಲಿಗಳು ಶಿವರಂಜನಿಯ ಬೆರಳನ್ನು ಎಷ್ಟೋ ಸಲ ಕಚ್ಚಿದ್ದವು, ಅವನನ್ನು ಒಮ್ಮೆಯೂ ಇಲ್ಲ. ಬೆಳಿಗ್ಗೆ ಬಾಟಲಿಗಳಿಗೆ ನೀರು ತುಂಬುವುದು, ರವಿವಾರ ಹಬ್ಬ ಎನ್ನದೆ ಬಂದು ನೋಡುವುದು ಅವನ ಪಾಲು. ಸಕ್ಕರೆಯ ಕ್ಯಾನು ಒಂದು, ಸಕ್ಕರೆ-ಕಹಿಯ ಕ್ಯಾನು ಇನ್ನೊಂದು, ಎರಡನ್ನೂ ಅವಳು ಹಿಂದಿನ ಸಂಜೆಯೇ ಕಲಸಿಟ್ಟು ಹೋಗುತ್ತಿದ್ದಳು.

ಮೂರನೆಯ ಸುತ್ತು ಆಗಷ್ಟೇ ಶುರುವಾಗಿತ್ತು. ಒಂದು ಬೆಳಿಗ್ಗೆ ಇಲಿಗಳನ್ನು ತೂಗಬೇಕೆಂದು ಬೇಗ ಬಂದ ಶಿವರಂಜನಿ ಬಾಗಿಲಲ್ಲೇ ನಿಂತಳು. ಬಾಲಯ್ಯ ಒಂದು ಬಕೆಟ್ ಇಟ್ಟುಕೊಂಡು ಎರಡೂ ಕ್ಯಾನಿನ ನೀರನ್ನು ಅದಕ್ಕೆ ಸುರಿದು, ಮಗ್ಗಿನಿಂದ ಚೆನ್ನಾಗಿ ತಿರುವಿ, ನಡುವಿನ ಸಾಲಿಗೂ ಕೆಳಗಿನ ಸಾಲಿಗೂ ಸಮನಾಗಿ ತುಂಬುತ್ತಿದ್ದ. ಕದ್ದು ಮಾಡುವವನಂತೆ ಅಲ್ಲ, ಹಾಡು ಗುನುಗುತ್ತ.

"ಬಾಲಯ್ಯ! ಏನ್ ಮಾಡಾಕತ್ತಿ?"

"ನೀರು ತುಂಬಾಕತ್ತೀನ್ರಿ ಅಕ್ಕೋರ."

"ಎರಡೂ ಯಾಕ ಕೂಡಿಸಿದಿ?"

"ದಿನಾ ಕೂಡಿಸ್ತೀನಲ್ರೀ," ಎಂದ ಅವನು, ಅವಳ ದನಿ ಯಾಕೆ ಏರಿತೆಂದು ತಿಳಿಯದೆ. "ಮೊದಲಿಂದೂ ಹಿಂಗ ಮಾಡಿದ್ದು."

ಅವಳು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಎರಡು ಸುತ್ತು. ಕೆ.ಟಿ. ದೊಡ್ಡಿಯ ಬಸ್ಸು, ನಡುಮನೆಯ ಸಿಪ್ಪೆ, ಗಂಗಾಂಬಿಕಾ ಮೇಡಂ ಅವರ ಕನ್ನಡಕ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆಮೇಲೆ ಬಾಯಿ ಬಿಟ್ಟಳು ನೋಡಿ, ಮೂರೂ ಭಾಷೆಯ ಬೈಗುಳ ಒಟ್ಟಿಗೆ ಬಂದವು. ಬಾಲಯ್ಯ ಮಗ್ಗು ಹಿಡಿದುಕೊಂಡೇ ಎಲ್ಲವನ್ನೂ ಕೇಳಿದ. ಅವಳು ಉಸಿರೆಳೆದುಕೊಳ್ಳಲು ನಿಂತಾಗ ಮಾತಾಡಿದ.

"ಅಕ್ಕೋರ, ಔಷಧ ಹಾಕಿದ್ರ ಹಿಂಡಿಗೆಲ್ಲಾ ಹಾಕಬೇಕ್ರಿ. ಒಂದಕ್ಕ ಕುಡಿಸಿ ಒಂದಕ್ಕ ಬಿಟ್ರ ಬಿಟ್ಟಿದ್ದೂ ಹೋಗತೈತಿ, ಕುಡಿಸಿದ್ದಕ್ಕೂ ಮತ್ತ ರೋಗ ಹತ್ತತೈತಿ. ನಮ್ಮಪ್ಪ ಹಂಗ ಮಾಡ್ತಿದ್ದ, ನಾನೂ ಹಂಗ ಮಾಡೀನಿ. ನಡುವಿನ ಸಾಲಿನವು ಸಪ್ಪಗಾಗಿದ್ವು. ಕಣ್ಣಿಂದ ನೋಡಿ ಹೆಂಗ ಬಿಡಾಕ ಬರತೈತ್ರಿ?"

ಅವನನ್ನು ಅಂದೇ ಬಿಡಿಸಬಹುದಿತ್ತು. ಬಿಡಿಸಿದರೆ ಇಲಿ ಮನೆಗೆ ಬರುವವರಾರು? ಅವಳಿಗೆ ಬೆಳಿಗ್ಗೆಯಿಂದ ಪಾಠ, ನಡುವೆ ಗದ್ವಾಲಿನಲ್ಲಿ ಪರೀಕ್ಷೆಯ ಡ್ಯೂಟಿ ಬೇರೆ. ಮುದ್ದತ್ತು ಕತ್ತಿನ ಮೇಲೆ ಕೂತಿತ್ತು. ಆಳು ಹುಡುಕುತ್ತ ಕೂತರೆ ಈ ಸುತ್ತೂ ಹೋಗುತ್ತದೆ. ಶಿವರಂಜನಿ ಹಲ್ಲು ಕಚ್ಚಿ, ಮಕ್ಕಳಿಗೆ ಹೇಳುವಂತೆ ನಿಧಾನವಾಗಿ ತಿಳಿಸಿ ಹೇಳಿದಳು. ಕುಡಿಸದ ಒಂದು ಸಾಲು ಇದ್ದರೆ ಮಾತ್ರ ಕುಡಿಸಿದ್ದು ಏನು ಮಾಡಿತು ಎಂದು ತಿಳಿಯುತ್ತದೆ. ಎಲ್ಲಕ್ಕೂ ಕುಡಿಸಿದರೆ ಔಷಧದಿಂದ ಸುಧಾರಿಸಿತೋ ತನ್ನಷ್ಟಕ್ಕೆ ಸುಧಾರಿಸಿತೋ ಯಾರಿಗೆ ಗೊತ್ತು?

ಬಾಲಯ್ಯ ದಡ್ಡನಲ್ಲ. ಮಗ್ಗು ಕೆಳಗಿಟ್ಟು ಗೂಡುಗಳ ಕಡೆ ಕೈ ತೋರಿಸಿದ.

"ಅಂದ್ರ ತಿಳ್ಕೊಳ್ಳಾಕ ನಡುವಿನ ಸಾಲು ಬಿಡಬೇಕು."

"ಹೂಂ."

"ತಿಳಿದ ಮ್ಯಾಲ ಅವಕ್ಕೂ ಕೊಡ್ತೀರಲ್ರೀ?"

ಹಿಂದಿನ ಎರಡು ಸಲವೂ ಕಾಲೇಜಿನ ವ್ಯಾನು ಗೂಡುಗಳನ್ನು ಗದ್ವಾಲಿಗೆ ಒಯ್ದಿತ್ತು. ಪರೀಕ್ಷೆಗೆ ಹೋಗುತ್ತವೆ ಎಂದಷ್ಟೇ ಅವನಿಗೆ ಗೊತ್ತು. ಬೇರೆ ಕಡೆ ಮೇಯಲು ಹೋದವು ಎಂಬಂತೆ ಅವನು ಬಿಟ್ಟುಬಿಟ್ಟಿದ್ದ. ಕೊಯ್ಯುತ್ತೇವೆ ಎಂದು ಯಾರೂ ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ. ಈಗ ಕೇಳಿದ್ದೂ ಔಷಧದ ಪಾಳಿಯನ್ನು ಮಾತ್ರ. ಕೊಯ್ಯುವುದನ್ನು ಹೇಳಿದರೆ ಈ ಮುದುಕ ನಾಳೆಯೂ ಬಕೆಟ್ ಹಿಡಿಯುತ್ತಾನೆ ಎಂಬ ಹೆದರಿಕೆಯೊಂದೇ ಅವಳ ತಲೆಯಲ್ಲಿದ್ದದ್ದು.

"ಕೊಡ್ತೀನಿ," ಎಂದಳು.

ಬಾಲಯ್ಯ ಸೊಂಟದಿಂದ ಉಣ್ಣೆಯ ಪುಟ್ಟ ಚೀಲ ತೆಗೆದ. ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಶಿನ. ಅಂಗೈಯಲ್ಲಿ ಸ್ವಲ್ಪ ಹಾಕಿಕೊಂಡು ಅದನ್ನು ಮುಟ್ಟಿ ಹೇಳಿದ: ನಡುವಿನ ಸಾಲಿಗೆ ಸಕ್ಕರೆಯ ಕ್ಯಾನೇ, ಕೆಳಗಿನ ಸಾಲಿಗೆ ಕಹಿಯ ಕ್ಯಾನೇ, ಒಂದು ಹನಿ ಅತ್ತಿತ್ತ ಆಗುವುದಿಲ್ಲ. ಆಮೇಲೆ ಅಂಗೈಯನ್ನು ಅವಳ ಕಡೆ ಚಾಚಿದ.

"ನೀವೂ ಮುಟ್ಟರಿ. ನಮ್ಮೊಳಗ ಒಬ್ಬರ ಆಣೆ ಆಣೆ ಅಲ್ರಿ. ಇಬ್ಬರೂ ಮುಟ್ಟಬೇಕು."

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯ ಮಗಳು, ಮೇಲೆ ವಿಜ್ಞಾನದ ಮೇಷ್ಟ್ರು. ಯಾರದೋ ದೇವರ ಅರಿಶಿನ ಅವಳಿಗೇನು? ಬೆರಳು ತಾಗಿಸಿ, "ಗೊತ್ತಾದ ಮ್ಯಾಲ ನಡುವಿನ ಸಾಲಿಗೂ ಕೊಡ್ತೀನಿ" ಎಂದು ಗಡಬಡಿಸಿ ಹೇಳಿ ಕೈ ತೊಳೆದುಕೊಂಡಳು. ಆ ಬೆಳಿಗ್ಗೆ ಅವಳಿಗೆ ಅನ್ನಿಸಿದ್ದು ಪೀಡೆ ಕಳೆಯಿತು ಎಂದು ಮಾತ್ರ. ಹೆಚ್ಚಿಗೆ ತರಿಸಿಟ್ಟಿದ್ದ ಹೊಸ ಇಲಿಗಳನ್ನು ಅಂದೇ ತುಂಬಿ ಮತ್ತೆ ಶುರುಮಾಡಿದಳು.

ಬಾಲಯ್ಯ ಮಾತಿಗೆ ತಪ್ಪಲಿಲ್ಲ. ಅವಳು ಹೇಳದೆ ಕೇಳದೆ ಹೋಗಿ ನೋಡಿದಳು, ಬಾಟಲಿಗಳ ನೀರನ್ನು ನಾಲಿಗೆಗೆ ಹಚ್ಚಿ ನೋಡಿದಳು. ನಡುವಿನ ಸಾಲು ಸಿಹಿ, ಕೆಳಗಿನ ಸಾಲು ಕಹಿ. ವಾರಗಳು ಕಳೆದಂತೆ ನಡುವಿನ ಸಾಲಿನ ಇಲಿಗಳು ಜಡವಾದವು, ಮೈಗೂದಲು ಕಳೆಗುಂದಿತು, ಹೊಟ್ಟೆ ಜೋತುಬಿತ್ತು. ಅವಳಿಗೆ ಬೇಕಾದದ್ದು ಅದೇ. ಸಂತೋಷಪಡಬೇಕಿತ್ತು. ಆದರೆ ಬಾಲಯ್ಯ ಆ ಗೂಡುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತೆಲುಗಿನಲ್ಲಿ ಮಾತಾಡಿಸುತ್ತಿದ್ದ. ಕುರಿಗಳ ಜೊತೆ, ಇಲಿಗಳ ಜೊತೆ ಅವನದು ತೆಲುಗೇ.

"ಜರ ಓಪಿಕ ಪಟ್ಟುಂಡ್ರಿ," ಎನ್ನುತ್ತಿದ್ದ. ಸ್ವಲ್ಪ ತಾಳಿರಿ. ಆಮೇಲೆ ಅವಳ ಕಡೆ ತಿರುಗಿ ಕನ್ನಡದಲ್ಲಿ, "ಇವುಗಳ ಪಾಳಿ ಬರತೈತಲ್ರೀ ಅಕ್ಕೋರ," ಎಂದು ನಗುತ್ತಿದ್ದ.

ಹೇಳಿಬಿಡೋಣ ಎಂದು ಎಷ್ಟೋ ಬೆಳಿಗ್ಗೆ ಹೋದಳು. ತೂಕ ನೋಡಿ, ಬಾಗಿಲು ಹಾಕಿ, ಹೇಳದೆ ಬಂದಳು. ಅವನ ಮೇಲೆ ಸಿಟ್ಟು ಬರುತ್ತಿತ್ತು. ಇದು ಇಲಿ ಕಣಯ್ಯ, ಇದಕ್ಕೆ ಪಾಳಿಯೇನು ಬಂತು ಎಂದು ಒಳಗೊಳಗೇ ಬೈಯುತ್ತಿದ್ದಳು. ನಾಚಿಕೆಯೂ ಆಗುತ್ತಿತ್ತು, ಅದಕ್ಕೇ ಬೈಗುಳ ಜೋರಾಗುತ್ತಿತ್ತು. ಒಮ್ಮೆ ಗದ್ವಾಲಿಗೆ ಹೋದಾಗ ಗಂಗಾಂಬಿಕಾ ಮೇಡಂ ಹತ್ತಿರ ಬಾಯಿಬಿಟ್ಟಳು. ನಡುವಿನ ಸಾಲಿನಲ್ಲಿ ಕೆಲವನ್ನಾದರೂ ಉಳಿಸಿ ಆಮೇಲೆ ಕಹಿ ಕುಡಿಸಿದರೆ ಹೇಗೆ?

"ಉಳಿಸಿದ್ರ ಲೆಕ್ಕ ನಿಲ್ಲಂಗಿಲ್ಲ. ಅವುಗಳ ಲಿವರ್ ಇಲ್ದ ನಿನ್ನ ಥೀಸಿಸ್ಸಿಗೆ ಬೆನ್ನೆಲುಬೇ ಇಲ್ಲ," ಎಂದರು ಮೇಡಂ. "ಯಾಕ, ಏನಾತು?"

"ಏನಿಲ್ರಿ," ಎಂದಳು. ಅರಿಶಿನ ಮುಟ್ಟಿದ್ದೇನೆ ಎಂದು ಪ್ರೊಫೆಸರ್ ಮುಂದೆ ಹೇಗೆ ಹೇಳುವುದು?

ಗಂಡನಿಗೆ ಹೇಳಿದಳು. ಅವನು ನಕ್ಕ. "ಅಷ್ಟು ಅಂಜಿಕಿ ಇದ್ರ ಬೀರಪ್ಪಗ ಒಂದು ಟೆಂಗಿನಕಾಯಿ ಒಡಸಿ ಬಾ, ಮುಗೀತು." ಅಂದು ಅವನಿಗೆ ತಣ್ಣನೆಯ ಅನ್ನವೇ ಗತಿಯಾಯಿತು.

ಕೊಯ್ಯುವ ದಿನ ಬಂತು. ಹಿಂದಿನ ದಿನವೇ ಬಾಲಯ್ಯನನ್ನು ಕರೆದು, ಉಟ್ಕೂರಿಗೆ ಹೋಗಿ ಮೊಮ್ಮಕ್ಕಳನ್ನು ನೋಡಿಕೊಂಡು ಬಾ ಎಂದು ರಜೆ ಕೊಟ್ಟಳು. ಎಂದೂ ಕೇಳದ ರಜೆ ತಾನಾಗಿ ಬಂದದ್ದಕ್ಕೆ ಅವನಿಗೆ ಆಶ್ಚರ್ಯ. ಹೋಗುವಾಗ ಮೂರೂ ಸಾಲಿನ ಗೂಡುಗಳಿಗೆ ಹೊಸ ಹೊಟ್ಟು ಹಾಸಿ ಹೋದ.

ಗದ್ವಾಲಿನ ಮೇಜಿನ ಮೇಲೆ ಈ ಸಲ ಕನ್ನಡಕವೂ ಬೇಕಾಗಲಿಲ್ಲ. ನಡುವಿನ ಸಾಲಿನ ಲಿವರುಗಳು ಉಬ್ಬಿ, ಹಳದಿಗಟ್ಟಿ, ಬೆರಳಿಗೆ ಜಿಡ್ಡು ಹತ್ತುವಂತಿದ್ದವು. ಕೆಳಗಿನ ಸಾಲಿನವು ಗಟ್ಟಿ ಕೆಂಪು, ಬರಿ ನೀರು ಕುಡಿದ ಮೇಲಿನ ಸಾಲಿಗೆ ಹತ್ತಿರ ಹತ್ತಿರ. ರಕ್ತದ ಪರೀಕ್ಷೆಯೂ ಅದನ್ನೇ ಹೇಳಿತು. ಗಂಗಾಂಬಿಕಾ ಮೇಡಂ ಮೊದಲ ಸಲ ಅವಳ ಬೆನ್ನು ತಟ್ಟಿದರು.

"ಇದಕ್ಕ ಅಂತಾರ ರಿಸಲ್ಟು. ಬರಿ, ಲಗೂನ ಬರಿ."

ಸುಳ್ಳು ಯಾಕೆ ಹೇಳಬೇಕು, ಶಿವರಂಜನಿಗೆ ಕುಣಿಯುವಷ್ಟು ಖುಷಿಯಾಯಿತು. ಗಂಡನಿಗೆ, ಮಖ್ತಲ್‌ನ ಅಪ್ಪನಿಗೆ, ಕೆ.ಟಿ. ದೊಡ್ಡಿಯ ಅತ್ತೆಗೆ ಫೋನು ಮಾಡಿದಳು. ಬಸ್ಸು ಜೂರಾಲ ದಾಟುವಾಗ ಕಿಟಕಿಯಿಂದ ಕೃಷ್ಣೆಯ ನೀರು ನೋಡುತ್ತ, ಇಷ್ಟು ವರ್ಷದ ಉರಿ ಇಳಿಯಿತು ಎಂದುಕೊಂಡಳು. ಬಾಲಯ್ಯನ ನೆನಪಾದದ್ದು ಮಖ್ತಲ್ ಬಂದ ಮೇಲೆ. ಅಲ್ಲಿಂದ ಮನೆಯವರೆಗೆ ಉರಿ ಮತ್ತೆ ಹತ್ತಿತು.

ಮರುದಿನ ಇಲಿ ಮನೆಗೆ ಹೋದಾಗ ಅವನು ಆಗಲೇ ಬಂದಿದ್ದ. ಗೂಡುಗಳಿಲ್ಲದ ಖಾಲಿ ಚೌಕಟ್ಟಿನ ಮುಂದೆ, ನಡುವಿನ ಸಾಲಿನ ಬಾಟಲಿಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟಿದ್ದ. ಪಕ್ಕದಲ್ಲಿ ಕಹಿಯ ಕ್ಯಾನು.

"ಗೊತ್ತಾತೇನ್ರಿ ಅಕ್ಕೋರ?"

"ಗೊತ್ತಾತು."

"ಕೆಲಸ ಮಾಡತೈತೇನು ಕಂಚಿಕಾಯಿ?"

"ಮಾಡತೈತಿ, ಬಾಲಯ್ಯ. ಭಾಳ ಚಲೋ ಮಾಡತೈತಿ."

ಅವನ ಮುಖ ಅರಳಿತು. ಅವಳ ಬಂಧುಬಳಗದಲ್ಲಿ ಯಾರೂ ಅಷ್ಟು ಖುಷಿಪಟ್ಟಿರಲಿಲ್ಲ. ತನ್ನದೇ ಹಿಂಡು ಗುಣವಾದಂತೆ ಎರಡೂ ಕೈ ಎತ್ತಿ ಬೀರಪ್ಪನಿಗೆ ಮುಗಿದ.

"ಹಂಗಾದ್ರ ನಡುವಿನ ಸಾಲಿನವು ಗದ್ವಾಲಿಂದ ಯಾವಾಗ ಬರ್ತಾವ್ರಿ? ಬಾಟಲಿ ತೊಳದು ಇಟ್ಟೀನಿ."

ಅವಳು ಕಿಟಕಿಯ ಕಡೆ ನೋಡಿದಳು. "ಬರೂದಿಲ್ಲ."

"ಕೆಳಗಿನ ಸಾಲು?"

"ಅವೂ ಇಲ್ಲ. ಯಾವೂ ಇಲ್ಲ. ಕೊಯ್ದು ನೋಡಿದ್ರ ಗೊತ್ತಾಗೋದು ಅದು."

ಬಾಲಯ್ಯ ಕೈ ಇಳಿಸಿದ. ಕೂಗಾಡುತ್ತಾನೆ ಎಂದುಕೊಂಡಿದ್ದಳು, ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡು ಬಂದಿದ್ದಳು. ಅವನು ಕೂಗಾಡಲಿಲ್ಲ.

"ಭಂಡಾರ ಮುಟ್ಟಿದ ದಿನ ನಿಮಗ ಇದು ಗೊತ್ತಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ಬಾಯಿಗೆ ಬರಲಿಲ್ಲ. "ಗೊತ್ತಿತ್ತು."

"ಕೊಯ್ಯೋದು ದೊಡ್ಡ ಮಾತಲ್ರೀ. ಕುರುಬ ನಾನು, ಕೊಯ್ಯಾಕ ಕೊಟ್ಟು ಬಂದವನ. ಹೇಳಿದ್ರ ಕೇಳ್ತಿದ್ದೆ."

"ಹೇಳಿದ್ರ ನೀ ಮತ್ತ ಬಕೆಟ್ಟಿನಾಗ ಕೂಡಿಸ್ತಿದ್ದಿ! ಎರಡು ಸಲ ಹಾಳು ಮಾಡಿದ್ದು ನೀನ ಅಲ್ಲೇನು?" ಅವಳ ದನಿ ಒಡೆಯಿತು. ಹೇಳಿದ್ದು ನಿಜವೇ. 

"ಹೌದ್ರಿ, ಹಾಳು ಮಾಡಿದ್ದೆ," ಎಂದ ಬಾಲಯ್ಯ. "ಮುಟ್ಟಿದ ಮ್ಯಾಲ ಮಾಡಲಿಲ್ಲ."

ಕಹಿಯ ಕ್ಯಾನನ್ನು ಎತ್ತಿಕೊಂಡು ಹೋಗಿ ಹಿಂದಿನ ಮೋರಿಗೆ ಸುರಿದು ಬಂದ. ಚೌಕಟ್ಟಿನ ಹಲಗೆಗಳನ್ನು ಒಂದೊಂದಾಗಿ ಹೊರಗಿಟ್ಟು ತಿಕ್ಕತೊಡಗಿದ. ಏನಾದರೂ ಹೇಳಬೇಕೆಂದು ಅವಳು ಹೇಳಿದಳು, "ಮುಂದಿನ ತಿಂಗಳು ಹೊಸ ಇಲಿ ಬರ್ತಾವ. ಬ್ಯಾರೆ ಮೇಷ್ಟ್ರದು ಪ್ರಯೋಗ ಐತಿ."

"ಬರಲಿ ಬಿಡ್ರಿ. ಯಾವ ಸಾಲಿಗೆ ಏನು ಅಂತ ಹೇಳ್ರಿ, ಹಾಕ್ತೀನಿ. ಆಣೆ ಬ್ಯಾಡ್ರಿ."

ಈಗ ಅವಳ ಹೆಸರಿನ ಮುಂದೆ ಡಾಕ್ಟರ್ ಎಂದು ಬೋರ್ಡಿದೆ. ಕಾಲೇಜಿನಲ್ಲಿ ಎಲ್ಲ ಮೇಷ್ಟ್ರುಗಳೂ ಬಾಲಯ್ಯನನ್ನು ಹೊಗಳುತ್ತಾರೆ, ಇಂಥ ನಂಬಿಗಸ್ತ ಮನುಷ್ಯ ಸಿಗುವುದಿಲ್ಲ ಎನ್ನುತ್ತಾರೆ. ಯಾವ ಸಾಲು ಸಪ್ಪಗಾದರೂ ಅವನು ಕೇಳುವುದಿಲ್ಲ, ಹೇಳಿದ್ದನ್ನು ಹೇಳಿದಷ್ಟೇ ತುಂಬಿ, ಬಾಗಿಲು ಹಾಕಿಕೊಂಡು ಹೋಗುತ್ತಾನೆ. ಗೂಡುಗಳ ಮುಂದೆ ಕೂರುವುದಿಲ್ಲ, ತೆಲುಗಿನಲ್ಲಿ ಮಾತಾಡುವುದೂ ಇಲ್ಲ. ಅವನು ಬಕೆಟ್ ಹಿಡಿದಿದ್ದ ದಿನ, ಇಂಥ ಆಳು ಸಿಕ್ಕರೆ ಸಾಕು ಎಂದು ಶಿವರಂಜನಿ ಮನಸ್ಸಿನಲ್ಲೇ ಕೈ ಮುಗಿದು ಬೇಡಿದ್ದಳು. ಸಿಕ್ಕಿದ್ದಾನೆ. ಅವನು ನೀರು ತುಂಬುವ ಹೊತ್ತಿಗೆ ಅವಳು ಆ ಕಡೆ ಹೋಗುವುದಿಲ್ಲ.